ದುಡಿಯುವ ಗಂಡ-ಹೆಂಡತಿಯ ದಿನನಿತ್ಯದ ಬದುಕನ್ನು ಫೋಟೊ ತೆಗೆಯಬೇಕು. ಕ್ಯಾಮೆರಾ ಕಂಡರೆ ಬಿಗಿಯಾಗುತ್ತಾರೆ, ಏನು ಮಾಡಲಿ?

ಮೊದಲು ಅವರು ಕೇಳುವ ಫೋಟೊ ತೆಗೆದುಕೊಡಿ. ನಾನು ಇದನ್ನು ತಡವಾಗಿ ಕಲಿತೆ.

ರಾಮನಗರದಲ್ಲಿ ಚರಕದ ಮೇಲೆ ರೇಷ್ಮೆ ನೂಲು ಬಿಚ್ಚುವ ಗಂಡ-ಹೆಂಡತಿಯ ಮನೆಗೆ ಎರಡು ವರ್ಷ ಹೋಗಿಬಂದೆ. ಗಂಡ ಬಾಣಲೆ ಮುಂದೆ ಕೂತು ಎಳೆ ಹಿಡಿಯುತ್ತಾರೆ, ಹೆಂಡತಿ ಚರಕ ತಿರುಗಿಸುತ್ತಾರೆ. ನೀರು ಸುಡುವಷ್ಟು ಬಿಸಿಯಿದ್ದರೇನೇ ರೇಷ್ಮೆಗೂಡಿನ ಅಂಟು ಬಿಡುವುದು. ಆ ನೀರಿನಲ್ಲಿ ದಿನವಿಡೀ ಬರಿಗೈ. ಬೆರಳತುದಿ ಬೆಳ್ಳಗೆ ಸುಕ್ಕುಗಟ್ಟಿ ಚರ್ಮ ಸುಲಿದಿರುತ್ತದೆ. ಸತ್ತ ಹುಳದ ವಾಸನೆ ಬಟ್ಟೆಗೆ ಹತ್ತಿದರೆ ಬಸ್ಸಿನಲ್ಲಿ ಮನೆ ತಲುಪುವವರೆಗೂ ಬಿಡದು.

ನನಗೆ ಆ ಬೆರಳುಗಳೇ ಕಂಡವು. ಹನ್ನೆರಡು ಪ್ರಿಂಟ್ ಹಾಕಿಸಿ ಒಯ್ದೆ. ಆಕೆ ಒಂದೊಂದನ್ನೇ ನೋಡಿ, "ಬರೀ ಕೈಯೇ ಆಯ್ತಲ್ಲ ಸಾರ್, ನಾವೆಲ್ಲಿ?" ಅಂದರು. ಮದುವೆಯಲ್ಲಿ ಬಿಟ್ಟರೆ ಇಬ್ಬರೂ ಜೊತೆಗಿರುವ ಫೋಟೊ ಇಲ್ಲ, ಒಂದು ತೆಗೆದುಕೊಡಿ ಅಂತ ಮೊದಲ ದಿನವೇ ಕೇಳಿದ್ದರು. ನಿಂತು ತೆಗೆಸಿಕೊಂಡದ್ದು ದಿನನಿತ್ಯದ ಬದುಕಲ್ಲ ಅಂತ ನಾನೇ ಮುಂದೂಡಿದ್ದೆ. ಮುಂದಿನ ಭಾನುವಾರ ಇಸ್ತ್ರಿ ಶರ್ಟು, ಹೊಸ ಸೀರೆಯಲ್ಲಿ ಚರಕದ ಮುಂದೆ ನಿಲ್ಲಿಸಿ ತೆಗೆದೆ, ಕಟ್ಟುಹಾಕಿಸಿ ಕೊಟ್ಟೆ. ಆಮೇಲೆ ಕ್ಯಾಮೆರಾದ ಕಡೆ ಅವರ ಗಮನವೇ ಹೋಗಲಿಲ್ಲ.

ಆಗ ಕಂಡಿದ್ದು: ಎಳೆ ತುಂಡಾದರೆ ಗಂಡ ಬಾಯಿ ಬಿಡುವುದಿಲ್ಲ, ಗದ್ದ ಒಂದಿಷ್ಟು ಮೇಲೆತ್ತುತ್ತಾರೆ. ಚಕ್ರ ನಿಲ್ಲುತ್ತದೆ. ಅವರು ಎಳೆ ಕೂಡಿಸುವಷ್ಟರಲ್ಲಿ ಆಕೆ ಹಿಡಿಯ ಮೇಲೆ ಮೊಣಕೈ ಊರಿ ಬೀದಿ ನೋಡುತ್ತಾರೆ. ಮತ್ತೆ ಚಕ್ರ. ದಿನಕ್ಕೆ ಅದೆಷ್ಟು ಸಲವೋ! ನಾನು ತೆಗೆದದ್ದರಲ್ಲೆಲ್ಲ ಅವರ ಸಂಸಾರ ಇರುವುದು ಆ ನಿಂತ ಚಕ್ರದ ಚಿತ್ರದಲ್ಲಿ.

ಅಮೆರಿಕದ ಬಫಲೋ ನಗರದಲ್ಲಿ ಮಿಲ್ಟನ್ ರೊಗೊವಿನ್ ಅಂತ ಒಬ್ಬರಿದ್ದರು, ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ವೃತ್ತಿ. ಉಕ್ಕಿನ ಕಾರ್ಮಿಕರನ್ನು ಕಾರ್ಖಾನೆಯಲ್ಲೂ ತೆಗೆದರು, ಅವರ ಮನೆಯಲ್ಲೂ ತೆಗೆದರು. 1972ರಲ್ಲಿ ಒಂದು ಬಡ ಬಡಾವಣೆಯಲ್ಲಿ ಶುರುಮಾಡಿ, ಎಂಬತ್ತರ, ತೊಂಬತ್ತರ ದಶಕಗಳಲ್ಲೂ ಅದೇ ಮನೆಗಳಿಗೆ ವಾಪಸ್ ಹೋದರು. ಹೇಗೆ ನಿಲ್ಲಬೇಕೆನ್ನುವುದನ್ನು ಆ ಮನೆಯವರಿಗೇ ಬಿಟ್ಟರು, ಪ್ರಿಂಟ್ ತಪ್ಪದೆ ಕೊಟ್ಟರು. ರೊಗೊವಿನ್ ಚಿತ್ರಗಳನ್ನು ಹುಡುಕಿ ನೋಡಿ.

ಲೆನ್ಸಿನ ವಿಷಯ: ತುಸು ಅಗಲ ನೋಟದ 35 ಎಂಎಂ ಒಂದೇ ಸಾಕು, ಹತ್ತಿರ ಹೋಗಲೇಬೇಕಾಗುತ್ತದೆ. ಆವಿಯಿರುವ ಕೋಣೆಯಾದರೆ ಒಳಗೆ ಹೋದ ಮೇಲೆ ಕ್ಯಾಮೆರಾವನ್ನು ಬ್ಯಾಗಿನಲ್ಲೇ 20 ನಿಮಿಷ ಬಿಡಿ, ಗಾಜು ಮಂಜಾಗದು.

ಸಾಲದ ಮಾತು ಬಂದಾಗ ಕ್ಯಾಮೆರಾ ಕೆಳಗಿಡಿ. ಗೂಡಿನ ಹರಾಜಿನಲ್ಲಿ ನಷ್ಟವಾದ ದಿನ ಟೀ ಕುಡಿದು ಎದ್ದುಬನ್ನಿ. ಪ್ರಿಂಟ್ ಮಾತ್ರ ಎರಡೆರಡು ಹಾಕಿಸಿ, ಒಂದು ಆಕೆಯ ತವರಿಗೆ ಹೋಗುತ್ತದೆ.