ಮನೆಯೆದುರು ಮೊಬೈಲ್ ಟವರ್: ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಮ್ಮ ಮನೆಯೆದುರಿನ ಫುಟ್‌ಪಾತ್ ಮೇಲೆ 20 ಮೀಟರ್ ಎತ್ತರದ 5ಜಿ ಟವರ್ ನಿಲ್ಲಿಸಲು ಕಂಪನಿಯೊಂದು ಕೌನ್ಸಿಲ್‌ಗೆ ಅರ್ಜಿ ಹಾಕಿದೆ ಎಂಬ ನೋಟಿಸನ್ನು ದೀಪದ ಕಂಬಕ್ಕೆ ಅಂಟಿಸಿದ್ದಾರೆ. ಮಗಳ ಪ್ರಾಥಮಿಕ ಶಾಲೆ ಅಲ್ಲಿಂದ ಕೂಗಳತೆಯಲ್ಲಿದೆ. ಮನೆ, ಶಾಲೆಗಳಿಂದ ಇಂತಿಷ್ಟು ದೂರವಿರಬೇಕೆಂಬ ನಿಯಮವಿಲ್ಲವೇ?

ಉತ್ತರ: ಅಂಥ ನಿಯಮವಿಲ್ಲ. ಇಂಗ್ಲೆಂಡಿನ ರಾಷ್ಟ್ರೀಯ ಯೋಜನಾ ನೀತಿಯು ಕನಿಷ್ಠ ಅಂತರವನ್ನು ಕಡ್ಡಾಯ ಮಾಡಬಾರದೆಂದೂ, ರೇಡಿಯೊ ಅಲೆಗಳ ವಿಕಿರಣದಿಂದ ಜನರನ್ನು ರಕ್ಷಿಸಲು ಅಂತರರಾಷ್ಟ್ರೀಯ ತಜ್ಞರ ಆಯೋಗ (ಐಸಿಎನ್‌ಐಆರ್‌ಪಿ) ಸೂಚಿಸಿದ ಮಿತಿಗಿಂತ ಬೇರೆಯದಾದ ಆರೋಗ್ಯ ಮಾನದಂಡವನ್ನು ಹೇರಬಾರದೆಂದೂ ಕೌನ್ಸಿಲ್‌ಗಳಿಗೆ ಸ್ಪಷ್ಟವಾಗಿ ಹೇಳುತ್ತದೆ. ಆ ಮಿತಿಯನ್ನು ಪಾಲಿಸುವುದಾಗಿ ಕಂಪನಿ ದೃಢೀಕರಣ ಪತ್ರ ಕೊಟ್ಟರೆ ಆರೋಗ್ಯದ ಚರ್ಚೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ. ಹ್ಯಾರೊಗೇಟ್‌ನಲ್ಲಿ ಮೂರು ಶಾಲೆಗಳ ಸಮೀಪದ ಟವರ್ ಕುರಿತ ಮೊಕದ್ದಮೆಯಲ್ಲಿ, ಮಿತಿಯೊಳಗಿನ ಟವರನ್ನು ಪೋಷಕರ ಭಯದ ಆಧಾರದ ಮೇಲೆ ತಿರಸ್ಕರಿಸಿದ ನಿರ್ಧಾರವನ್ನು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿಯಲಿಲ್ಲ.

ಮಗಳ ಬಗೆಗಿನ ನಿಮ್ಮ ಕಾಳಜಿ ಸಹಜವಾದದ್ದು. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಅಳತೆಗಳು ಹೇಳುವುದನ್ನೂ ತಿಳಿದಿರುವುದು ಒಳ್ಳೆಯದು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2020ರಲ್ಲಿ 5ಜಿ ಟವರ್‌ಗಳ ಬಳಿ ಅಳೆದಾಗ ಸಿಕ್ಕ ಗರಿಷ್ಠ ಮಟ್ಟ ಮಿತಿಯ ಶೇ. 1.5ರಷ್ಟಿತ್ತು. ಇನ್ನೊಂದು ಸಂಗತಿ: ಆಂಟೆನಾದ ಮುಖ್ಯ ಕಿರಣ ಕಂಬದ ಬುಡಕ್ಕೆ ಬೀಳುವುದಿಲ್ಲ, ಸ್ವಲ್ಪವೇ ಕೆಳಮುಖವಾಗಿ ಸಾಗಿ, ಸಾಮಾನ್ಯವಾಗಿ 50 ಮೀಟರಿಗೂ ಆಚೆ ನೆಲ ಮುಟ್ಟುತ್ತದೆ. ಹೀಗಾಗಿ ಟವರನ್ನು ಶಾಲೆಯಿಂದ ತುಸು ದೂರ ಸರಿಸಿದಾಕ್ಷಣ ಶಾಲೆಯ ಮೇಲೆ ಬೀಳುವ ಅಲೆಗಳು ಕಡಿಮೆಯಾಗುತ್ತವೆ ಎನ್ನಲಾಗದು. ಸರ್ ವಿಲಿಯಂ ಸ್ಟುವರ್ಟ್ ನೇತೃತ್ವದ ತಜ್ಞರ ಸಮಿತಿಯು 2000ದಲ್ಲಿ ದೂರವನ್ನು ನಿಗದಿಪಡಿಸದೆ, ಶಾಲೆ ಮತ್ತು ಪೋಷಕರ ಒಪ್ಪಿಗೆಯಿಲ್ಲದೆ ಅತಿ ತೀವ್ರ ಕಿರಣ ಶಾಲೆಯ ಆವರಣದ ಮೇಲೆ ಬೀಳಬಾರದೆಂದು ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ. ಆದರೆ ಆ ಒಪ್ಪಿಗೆ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಶಾಲೆಯ ಸಮೀಪದ ಟವರ್ ಬಗ್ಗೆ ನಡೆಸಿದ ಸಮಾಲೋಚನೆಯ ಫಲಿತಾಂಶವನ್ನು ಅರ್ಜಿಯೊಂದಿಗೆ ಸಲ್ಲಿಸಬೇಕೆಂಬುದಷ್ಟೇ ನೀತಿಯಲ್ಲಿದೆ. ಪೋಷಕರಿಗೆ ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಮುಖ್ಯೋಪಾಧ್ಯಾಯರಿಗೆ ಪತ್ರ ಬಂದಿತ್ತೇ, ಅವರು ಏನು ಉತ್ತರಿಸಿದರು ಎಂಬುದನ್ನು ತಪ್ಪದೆ ವಿಚಾರಿಸಿ.

ನಿಮ್ಮ ಬೀದಿಯ ಟವರ್‌ನಂಥವಕ್ಕೆ ಪೂರ್ಣ ಪ್ಲಾನಿಂಗ್ ಅನುಮತಿ ಬೇಕಿಲ್ಲ, ‘ಪೂರ್ವಾನುಮೋದನೆ’ ಸಾಕು. ರಸ್ತೆಬದಿಯಲ್ಲಿ 25 ಮೀಟರ್‌ವರೆಗೆ ಈ ಸೌಲಭ್ಯವನ್ನು 2022ರಲ್ಲಿ ವಿಸ್ತರಿಸಲಾಯಿತು. ಇಲ್ಲಿ ಕೌನ್ಸಿಲ್ ಪರಿಶೀಲಿಸಬಹುದಾದದ್ದು ಎರಡೇ: ನಿಲ್ಲಿಸುವ ಜಾಗ ಮತ್ತು ಕಾಣುವ ರೂಪ. ನಿಮ್ಮ ಪತ್ರದ ಬಲವೆಲ್ಲ ಅಲ್ಲಿರಲಿ. ಟೇಪು ಹಿಡಿದು ಫುಟ್‌ಪಾತಿನ ಅಗಲ ಅಳೆಯಿರಿ. ಕಂಬ ಹಾಗೂ ಅದರ ಪಕ್ಕದ ಉಪಕರಣ ಪೆಟ್ಟಿಗೆಗಳು ಬಂದ ಮೇಲೆ ಗಾಲಿಕುರ್ಚಿಗೆ, ಮಗುವಿನ ತಳ್ಳುಗಾಡಿಗೆ ಎಷ್ಟು ಜಾಗ ಉಳಿಯುತ್ತದೆಂದು ಬರೆಯಿರಿ. ಶಾಲೆ ಬಿಡುವ ಹೊತ್ತಿನ ಜನಸಂದಣಿಯನ್ನೂ, ತಿರುವಿನಲ್ಲಿ ಚಾಲಕರ ನೋಟಕ್ಕೆ ಆಗುವ ಅಡ್ಡಿಯನ್ನೂ ಚಿತ್ರ ಸಹಿತ ತೋರಿಸಿ. ಸುತ್ತಲಿನ ಮನೆ, ಮರ, ದೀಪದ ಕಂಬಗಳಿಗಿಂತ ಟವರ್ ಎಷ್ಟು ಎತ್ತರವೆಂದು ಹೋಲಿಸಿ. ಮನೆಯ ಬೆಲೆ ಇಳಿಯುತ್ತದೆಂಬ ಮಾತನ್ನು ಬಿಟ್ಟುಬಿಡಿ. ಅದಕ್ಕೆ ಇಲ್ಲಿ ಬೆಲೆಯಿಲ್ಲ.

ಎಲ್ಲಕ್ಕಿಂತ ಹರಿತವಾದ ಅಸ್ತ್ರವೆಂದರೆ ಪರ್ಯಾಯ ಜಾಗ. ಹೊಸ ಟವರ್ ಕೇಳುವವರು ಈಗಿರುವ ಕಟ್ಟಡ, ಟವರ್‌ಗಳನ್ನು ಬಳಸುವ ಸಾಧ್ಯತೆಯನ್ನು ನೋಡಿದ್ದಕ್ಕೆ ಪುರಾವೆ ಕೊಡಬೇಕು. ಕೌನ್ಸಿಲ್‌ನ ವೆಬ್‌ಸೈಟ್‌ನಲ್ಲಿ ಅರ್ಜಿ ತೆರೆದು, ಕೈಬಿಟ್ಟ ಜಾಗಗಳ ಪಟ್ಟಿಯನ್ನು ಒಂದೊಂದಾಗಿ ನೋಡಿ, ಸಾಧ್ಯವಾದರೆ ಅಲ್ಲಿಗೆ ಹೋಗಿ ಬನ್ನಿ. ಕಾರಣ ಸಡಿಲವಾಗಿ ಕಂಡಲ್ಲಿ ಅದನ್ನೇ ಹಿಡಿದು ಬರೆಯಿರಿ.

ತಡ ಮಾಡಬೇಡಿ. ಅರ್ಜಿ ತಲುಪಿದ 56 ದಿನಗಳೊಳಗೆ ಕೌನ್ಸಿಲ್ ತನ್ನ ನಿರ್ಧಾರ ತಿಳಿಸದಿದ್ದರೆ ಕಂಪನಿ ಕೆಲಸ ಆರಂಭಿಸಬಹುದು. ಆಕ್ಷೇಪಣೆಯ ಕೊನೆಯ ದಿನಾಂಕ ನೋಟಿಸಿನಲ್ಲೇ ಇರುತ್ತದೆ; ನಿಮ್ಮ ವಾರ್ಡಿನ ಕೌನ್ಸಿಲರ್‌ಗೂ ಒಂದು ಪ್ರತಿ ಕಳಿಸಿ.