ಸಿಮ್ಯುಲೇಷನ್ ಲ್ಯಾಬ್ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿ ತಂಡಕ್ಕೆ ತರಬೇತಿ ಕೊಡಬಹುದಾ?

ಗದಗ ಕಡೆ ಸಣ್ಣ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೀರಿ, ಗೊಂಬೆ ರೋಗಿಯ ಮೇಲೆ ಅಭ್ಯಾಸ ಮಾಡುವ ಲ್ಯಾಬ್ ಇಲ್ಲ, ಮಾತಾಡುವ, ಉಸಿರಾಡುವ ದುಬಾರಿ ಮ್ಯಾನಿಕಿನ್ (ರೋಗಿಯಂಥ ಗೊಂಬೆ) ಇಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಖಂಡಿತ ಕೊಡಬಹುದು. ನಾನು ಹಾವೇರಿ ಜಿಲ್ಲೆಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲೂ ಲ್ಯಾಬ್ ಇಲ್ಲ. ಕ್ಯಾಶುವಾಲ್ಟಿಯ ಅದೇ ಮಂಚ, ಅದೇ ಟ್ರಾಲಿ, ಅವತ್ತು ಡ್ಯೂಟಿಯಲ್ಲಿ ಇದ್ದವರೇ ತಂಡ. ಹೀಗೆ ಕೆಲಸದ ಜಾಗದಲ್ಲೇ ಅಭ್ಯಾಸ ಮಾಡುವುದಕ್ಕೆ ಇನ್-ಸಿಟು ಸಿಮ್ಯುಲೇಷನ್ ಅನ್ನುತ್ತಾರೆ.

ನಮ್ಮ ಮೊದಲ ಡ್ರಿಲ್ ಹೇಗಾಯಿತು ಅಂತ ಹೇಳುತ್ತೇನೆ. ಗೋವಿನಜೋಳಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವ ಕಾಲ. ಆಗ ವಿಷದ ಕೇಸ್ ಜಾಸ್ತಿ, ಅದಕ್ಕೆ ಅದನ್ನೇ ಆರಿಸಿಕೊಂಡೆವು. ವಾರ್ಡ್ ಬಾಯ್ ಒಬ್ಬ ರೋಗಿಯಾಗಿ ಮಲಗಿದ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯಲ್ಲಿ ಗೊರಗೊರ ಸದ್ದು. ಇದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟು, ಪರೀಕ್ಷೆ ಮಾಡಿ ಕೇಳಿದವರಿಗೆ ಮಾತ್ರ ಹೇಳಿದೆವು.

ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಅನ್ನುವ ಮದ್ದು ಕೊಡುವ ಕ್ರಮ ನಿಮಗೆ ಗೊತ್ತು ಅಲ್ವಾ? 5 ನಿಮಿಷಕ್ಕೊಮ್ಮೆ ಎದೆ ಕೇಳಬೇಕು, ಸದ್ದು ಕಡಿಮೆಯಾಗದಿದ್ದರೆ ಡೋಸ್ ಇಮ್ಮಡಿ. ನಮ್ಮ ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) 0.6 ಮಿಲಿಗ್ರಾಂನದು. 1.8 ಮಿಲಿಗ್ರಾಂನಿಂದ ಶುರು ಮಾಡಿದರೆ 3 ಆಂಪೂಲ್. ಆಮೇಲೆ 6, ಆಮೇಲೆ 12, ಆಮೇಲೆ 24. 15ನೇ ನಿಮಿಷಕ್ಕೆ ಒಟ್ಟು 45! ಡೋಸ್ ಎಲ್ಲರಿಗೂ ಬಾಯಿಪಾಠ ಇತ್ತು, ಆಂಪೂಲ್ ಲೆಕ್ಕ ಯಾರೂ ಹಾಕಿರಲಿಲ್ಲ. ಔಷಧಿ ಒಡೆಯದೆ, ಒಂದೊಂದೇ ಎಣಿಸಿ ಪಕ್ಕಕ್ಕೆ ಇಡುತ್ತಾ ಹೋದೆವು. ಎರಡನೇ ಸುತ್ತಿಗೇ ಸಿಸ್ಟರ್ ಒಬ್ಬರು ಕೂಗಿದರು, "ಸರ್, ಟ್ರಾಲಿಯೊಳಗ ಇನ್ನ ಒಂದ ಉಳದೈತ್ರಿ." ಬಾಕಿ ಎಲ್ಲಾ ಸ್ಟೋರ್‌ನಲ್ಲಿ. ಸ್ಟೋರ್ ಕೀಲಿ ಮನೆಗೆ ಹೋದ ಫಾರ್ಮಸಿಸ್ಟ್ ಹತ್ತಿರ.

ಅವತ್ತು ನನಗೆ ಅಳು ಬಂತು. ಮಂಚದ ಮೇಲೆ ಯಾರದೋ ಮಗ ಮಲಗಿದ್ದರೆ? ಮರುದಿನದಿಂದ 50 ಆಂಪೂಲ್ ಟ್ರಾಲಿಯಲ್ಲೇ ಇರುತ್ತವೆ. ಒಡೆಯುವವರು ಒಬ್ಬರು, ಸಿರಿಂಜ್‌ಗೆ ಎಳೆಯುವವರು ಇನ್ನೊಬ್ಬರು ಅಂತ ಮೊದಲೇ ಹಂಚಿಕೊಳ್ಳುತ್ತೇವೆ. ಎಷ್ಟೇ ಒಳ್ಳೆಯ ಲ್ಯಾಬ್‌ಗೆ ಹೋಗಿ ಕಲಿತಿದ್ದರೂ ನಮ್ಮ ಸ್ಟೋರ್ ಕೀಲಿಯ ವಿಷಯ ಹೊರಗೆ ಬರುತ್ತಿರಲಿಲ್ಲ. ಅದಕ್ಕೇ ನಾನು ವಾರ್ಡಿನಲ್ಲೇ ಮಾಡಿ ಅನ್ನುವುದು.

ಹೃದಯ ನಿಂತಾಗ ಎದೆ ಒತ್ತುವ (ಸಿಪಿಆರ್) ಅಭ್ಯಾಸಕ್ಕೆ ಮಾತ್ರ ಗೊಂಬೆ ಬೇಕೇ ಬೇಕು. ಬದುಕಿರುವವರ ಮೇಲೆ ಮಾಡಲೇಬೇಡಿ. ಅರ್ಧ ಮೈಯ ಸಾದಾ ಗೊಂಬೆ ಸಾಕು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳ, 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು.

ಡ್ರಿಲ್ 10 ನಿಮಿಷ ನಡೆದರೆ ಮಾತುಕತೆಗೆ 20 ನಿಮಿಷ ಇಡಿ. ಕಲಿಯುವುದು ಜಾಸ್ತಿ ಅಲ್ಲೇ. ಚಿಕ್ಕವರು ಮೊದಲು ಮಾತಾಡಲಿ, ಡಾಕ್ಟರ್ ಕೊನೆಗೆ. ಡಾಕ್ಟರ್ ಬಾಯಿಬಿಟ್ಟ ಮೇಲೆ ಹೊಸ ಸಿಸ್ಟರ್ ತುಟಿ ಬಿಚ್ಚುವುದಿಲ್ಲ, ನಾನೂ ಹಾಗೇ ಇದ್ದೆ. ಯಾರನ್ನೂ ಬೈಯಬಾರದು. ನಮ್ಮ ಮಾತುಕತೆಯಲ್ಲಿ ಹೊಳೆದದ್ದು ಒಂದು: "ಅಟ್ರೋಪಿನ್ ಕೊಡಿ" ಅಂತ ಸುಮ್ನೆ ಗಾಳಿಗೆ ಹೇಳಿದರೆ ಯಾರೂ ಕೊಡುವುದಿಲ್ಲ, ಇಲ್ಲವೇ ಇಬ್ಬರು ಕೊಡುತ್ತಾರೆ. ಹೆಸರು ಕರೆದು ಹೇಳಬೇಕು. ಕೇಳಿದವರು ಡೋಸ್ ತಿರುಗಿ ಹೇಳಬೇಕು, ಕೊಟ್ಟ ಮೇಲೆ "ಕೊಟ್ಟೆ" ಅನ್ನಬೇಕು.

ಅಭ್ಯಾಸಕ್ಕೆ ನೀರು ತುಂಬಿದ ಬಾಟಲಿ, ಸಿರಿಂಜ್ ಬಳಸಿದರೆ "ತರಬೇತಿಗೆ ಮಾತ್ರ" ಅಂತ ಚೀಟಿ ಅಂಟಿಸಿ, ಮುಗಿದ ಮೇಲೆ ಎಣಿಸಿ ತೆಗೆದುಬಿಡಿ. ಒಂದೂ ಟ್ರಾಲಿಯಲ್ಲಿ ಉಳಿಯಬಾರದು. ನಿಜವಾದ ರೋಗಿ ಬಂದರೆ ಡ್ರಿಲ್ ಅಲ್ಲಿಗೇ ನಿಲ್ಲಿಸಿ. ನಮ್ಮದು ಎರಡು ಸಲ ಹಾಗೇ ಅರ್ಧಕ್ಕೆ ನಿಂತಿದೆ, ಮುಂದಿನ ವಾರ ಮತ್ತೆ ಮಾಡಿದೆವು.