ಲಾಡ್ಜ್ ಎಂದರೆ ಯಾವ ಲಾಡ್ಜ್?

ಸಂಪಾದಕರೇ,

ಕಳೆದ ಸಂಚಿಕೆಯ ‘ಸಂತೋಷದ ನಾಡಿನಲ್ಲಿ ನಿಧಾನ ಯಾತ್ರೆ’ ಓದಿದೆ. ಭೂತಾನಿನ ಐದು ಕಣಿವೆ, ಐದು ಲಾಡ್ಜ್, ಹನ್ನೊಂದು ರಾತ್ರಿ. ನನಗೆ ಗೊತ್ತಿರುವ ಲಾಡ್ಜ್ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಎದುರಿನದು. ಇಲ್ಲಿ ನೋಡಿದರೆ ಒಂದು ರಾತ್ರಿಯ ಬಾಡಿಗೆಗೆ ನನ್ನ ಮೂರು ತಿಂಗಳ ಪಿಂಚಣಿ ಸಾಲದು. ಅದರ ಮೇಲೆ ಆ ಸರ್ಕಾರ ದಿನಕ್ಕೆ ನೂರು ಡಾಲರ್ ಬೇರೆ ಕೀಳುತ್ತದಂತೆ. ಬುದ್ಧನ ನಾಡಿಗೆ ಹೋಗಲು ಇಷ್ಟು ದುಡ್ಡು ಬೇಕೇ? ನಿಮ್ಮ ಲೇಖಕರು ಸ್ನಾನದ ತೊಟ್ಟಿಗೆ ಕೊಟ್ಟಷ್ಟು ಜಾಗವನ್ನು ಗುಡಿಗೋಪುರಗಳಿಗೆ ಕೊಟ್ಟಿಲ್ಲ. ನನ್ನಂಥ ಅರವತ್ತೇಳರ ಹೆಂಗಸು ಹೋಗಿಬರುವ ದಾರಿ ಇದೆಯೇ, ಆ ಹುಲಿಗೂಡಿನ ಮಠ ಹತ್ತಲಾದೀತೇ ಎಂದು ಒಂದು ಸಾಲು ಬರೆಯಬಾರದಿತ್ತೇ? ಅಂದಹಾಗೆ, ಲೇಖಕರ ಖರ್ಚು ಯಾರದು?

ನಿವೃತ್ತ ಶಿಕ್ಷಕಿ, ಮೈಸೂರು

ಮಾನ್ಯರೇ,

‘ಅಂದಹಾಗೆ’ ಎಂದು ಕೊನೆಗೆ ಸೇರಿಸಿದ್ದೀರಲ್ಲ, ನನಗೆ ನಾಟಿದ್ದು ಅದೇ. ಹನ್ನೊಂದು ರಾತ್ರಿಗಳಲ್ಲಿ ನಾಲ್ಕು ರಾತ್ರಿಯ ಖರ್ಚು ಪ್ರವಾಸ ಏರ್ಪಡಿಸಿದ ಸಂಸ್ಥೆಯದು. ಉಳಿದದ್ದು ಲೇಖಕರದು. ಲೇಖಕರು ಇದನ್ನು ಮೊದಲೇ ನಮಗೆ ತಿಳಿಸಿದ್ದರು. ಲೇಖನದ ಕೆಳಗೆ ಒಂದು ಸಾಲು ಹಾಕಬೇಕಿತ್ತು. ಪುಟ ತುಂಬಿಹೋಯಿತೆಂದು ಆ ಸಾಲನ್ನು ಕಿತ್ತವನು ನಾನೇ. ಚಿತ್ರವೊಂದನ್ನು ಕಿರಿದು ಮಾಡಿದ್ದರೆ ಆಗುತ್ತಿತ್ತು. ತಪ್ಪು ನನ್ನದು.

ಇನ್ನು ಸುಲಿಗೆಯ ಮಾತು. ಇಲ್ಲಿ ಎರಡು ಬೇರೆ ಬೇರೆ ದುಡ್ಡುಗಳು ಒಂದೇ ಗಂಟಿಗೆ ಬಿದ್ದಿವೆ. ಸರ್ಕಾರ ವಸೂಲಿ ಮಾಡುವುದಕ್ಕೆ ಸುಸ್ಥಿರ ಅಭಿವೃದ್ಧಿ ಶುಲ್ಕ ಎಂದು ಹೆಸರು. ಹಿಂದೆ 65 ಡಾಲರ್ ಇತ್ತು, ಕೋವಿಡ್ ಕಳೆದು ಬಾಗಿಲು ತೆರೆದಾಗ 2022ರ ಸೆಪ್ಟೆಂಬರಿನಲ್ಲಿ ಒಮ್ಮೆಗೇ 200ಕ್ಕೆ ಏರಿಸಿದರು, ಜನ ಬರಲಿಲ್ಲ, ಮರುವರ್ಷ 100ಕ್ಕೆ ಇಳಿಸಿದರು. ಆದರೆ ಅದು ದೂರದ ವಿದೇಶಿಯರಿಗೆ. ನಮಗೆ, ಅಂದರೆ ಭಾರತೀಯರಿಗೆ, ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ. ಅವರ ಙುಲ್ಟ್ರಮ್ಮಿಗೂ ನಮ್ಮ ರೂಪಾಯಿಗೂ ಬೆಲೆ ಒಂದೇ, ಹಾಗಾಗಿ ಲೆಕ್ಕ ಹಾಕುವ ಕಷ್ಟವೂ ಇಲ್ಲ. 2020ಕ್ಕೆ ಮುಂಚೆ ಅದೂ ಇರಲಿಲ್ಲ. ನಾನು ಹೋದಾಗ ನಯಾಪೈಸೆ ಕೊಟ್ಟಿಲ್ಲ. ಊರಿನವರಿಗೆ ಶಾಲೆ, ಆಸ್ಪತ್ರೆ ಎರಡೂ ಪುಕ್ಕಟೆಯಾಗಿರುವ ಪುಟ್ಟ ದೇಶ ಅದು. ಬಂದ ನೆಂಟರಿಂದ ಒಂದಿಷ್ಟು ಇಸಿದುಕೊಳ್ಳುವುದನ್ನು ಸುಲಿಗೆ ಎನ್ನಲು ನನಗೆ ಬಾಯಿ ಬರುವುದಿಲ್ಲ. 1974ರಲ್ಲಿ ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರ ಪಟ್ಟಾಭಿಷೇಕಕ್ಕೆ ಬಂದ ಅತಿಥಿಗಳಿಗಾಗಿ ಹೋಟೆಲು ಕಟ್ಟಿದರು. ಅದೇ ವರ್ಷ ಪ್ರವಾಸಿಗಳಿಗೂ ಬಾಗಿಲು ತೆರೆಯಿತು. ಜನ ಕಡಿಮೆ ಬರಲಿ, ಬಂದವರು ಹೆಚ್ಚು ಕೊಡಲಿ ಎಂಬುದು ಅಂದಿನಿಂದಲೂ ಅವರ ಸೂತ್ರ. ಪ್ರವಾಸಿಗಳ ನೂಕುನುಗ್ಗಲಿಗೆ ಸಿಕ್ಕ ಕಠ್ಮಂಡುವಿನ ಗತಿ ಅವರ ಕಣ್ಣೆದುರಿಗೇ ಇತ್ತು.

ಲಾಡ್ಜಿನ ದುಡ್ಡು ಬೇರೆ. ಅದು ರಾತ್ರಿಗೆ ಲಕ್ಷ ದಾಟುತ್ತದೆ, ಅದರಲ್ಲಿ ನೀವು ಉತ್ಪ್ರೇಕ್ಷೆ ಮಾಡಿಲ್ಲ. ಅಮನ್ ಎಂಬ ಹೋಟೆಲು ಸಂಸ್ಥೆ 2004ರಲ್ಲಿ ಪಾರೋದಲ್ಲಿ ಮೊದಲನೆಯದನ್ನು ತೆರೆದು, ಆಮೇಲೆ ಥಿಂಫು, ಪುನಾಖಾ, ಗಾಂಗ್‌ಟೆ, ಬುಮ್‌ಥಾಂಗ್ ಎಂದು ಐದು ಕಣಿವೆಗೂ ಹಬ್ಬಿಸಿತು. ಸಿಕ್ಸ್ ಸೆನ್ಸಸ್ ಎಂಬ ಇನ್ನೊಂದು ಹೋಟೆಲು ಸಂಸ್ಥೆಯವರು ಬಂದಾಗ ಅವರೂ ಅದೇ ಐದನ್ನು ಹಿಡಿದರು. ಅಮನ್‌ನವರು ತಮ್ಮ ಸಾಲಿಗೆ ಇಟ್ಟ ಹೆಸರು ಅಮನ್‌ಕೋರಾ. ಕೋರಾ ಎಂದರೆ ಪ್ರದಕ್ಷಿಣೆ. ಥಿಂಫುವಿನ ಸ್ಮಾರಕ ಚೋರ್ಟೆನ್ನಿನ, ಅಂದರೆ ಸ್ತೂಪದ, ಸುತ್ತ ಬೆಳಗಾಗುತ್ತಲೇ ಮುದುಕಿಯರು ಜಪಮಣಿ ಎಣಿಸುತ್ತ, ಮಂಡಿ ಎಳೆಯುತ್ತ ಸುತ್ತುತ್ತಾರಲ್ಲ, ಅದು ಕೋರಾ. ಟಿಕೆಟ್ಟಿಲ್ಲ, ಬುಕಿಂಗಿಲ್ಲ, ಮಧ್ಯೆ ಸುಸ್ತಾದರೆ ಕಟ್ಟೆಯ ಮೇಲೆ ಕೂತು ಹರಟೆ. ಅದನ್ನೇ ಐದು ಕಣಿವೆಗೆ ಹಿಗ್ಗಿಸಿ ಮೆತ್ತನೆ ಹಾಸಿಗೆ ಸೇರಿಸಿ ಮಾರುತ್ತಾರೆ. ಮಾರಲಿ. ಆದರೆ ನಿಧಾನವನ್ನು ಕಂಡುಹಿಡಿದವರು ತಾವೇ ಎಂಬಂತೆ ನಮ್ಮ ಲೇಖನ ಅವರನ್ನು ಹೊಗಳಿತು. ನಿಮ್ಮ ಸಿಟ್ಟಿನ ಬೇರು ಇಲ್ಲೇ ಇದೆ ಅಂದುಕೊಂಡಿದ್ದೇನೆ. ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ.

ಆ ನಾಡು ನಿಧಾನವಾದದ್ದು ನೆಲದಿಂದ. 1958ರಲ್ಲಿ ನೆಹರೂ ಭೂತಾನಿಗೆ ಹೋದಾಗ ಅವರಿಗೆ ಅರವತ್ತೆಂಟು, ನಿಮಗಿಂತ ಒಂದು ವರ್ಷ ಹೆಚ್ಚು. ಆಗ ಅಲ್ಲಿಗೆ ಮೋಟಾರು ರಸ್ತೆಯೇ ಇರಲಿಲ್ಲ. ಸಿಕ್ಕಿಮ್ಮಿನಿಂದ ನಾಥು ಲಾ ಕಣಿವೆಬಾಗಿಲು ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಗಿಳಿದು, ಮತ್ತೆ ಬೆಟ್ಟ ಹತ್ತಿ ಪಾರೋ ಸೇರಿದರು, ಕುದುರೆಯ ಮೇಲೆ, ಮಗಳು ಇಂದಿರಾ ಜೊತೆಗೆ. ಪ್ರಧಾನಿಯೊಬ್ಬರು ನೆರೆದೇಶದ ದೊರೆಯನ್ನು ಕಾಣಲು ದಿನಗಟ್ಟಲೆ ಬೆಟ್ಟ ಸವೆಸಿದ ಕೊನೆಯ ಪ್ರಸಂಗ ಅದೇ ಇರಬೇಕು. ಅದಾದ ಮೇಲೆ 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯ ‘ದಂತಕ್’ ಯೋಜನೆ ಶುರುವಾಗಿ ಫುಂಟ್‌ಶೋಲಿಂಗ್‌ನಿಂದ ಥಿಂಫುವಿಗೆ ದಾರಿ ಕಡಿದರು. ಗುಡ್ಡ ಕುಸಿದು ನಮ್ಮ ಕಡೆಯ ನೂರಾರು ಮಂದಿ ಅಲ್ಲಿ ಜೀವ ಬಿಟ್ಟಿದ್ದಾರೆ. ಇವತ್ತಿಗೂ ಆ ದಾರಿ ಮೂರು ನೂರು ಮೀಟರಿನಿಂದ ಎರಡು ಸಾವಿರ ದಾಟುವವರೆಗೆ ಸುತ್ತಿ ಸುತ್ತಿ ಹತ್ತುತ್ತದೆ. ಅಲ್ಲಿ ಅವಸರ ಮಾಡುವವನಿಗೆ ಸಿಗುವುದು ವಾಂತಿ ಮಾತ್ರ. ಲಕ್ಷ ಕೊಟ್ಟವನ ಕಾರಿಗೂ ಸಾವಿರ ಕೊಟ್ಟವನ ಬಸ್ಸಿಗೂ ತಿರುವುಗಳು ಅಷ್ಟೇ.

ಈಗ ಸ್ನಾನದ ತೊಟ್ಟಿ. ಇಲ್ಲಿ ಮಾತ್ರ ನಾನು ಲೇಖಕರ ಪಕ್ಷ. ಹತ್ತು ವರ್ಷದ ಹಿಂದೆ ಪಾರೋ ಕಣಿವೆಯ ರೈತರ ಮನೆಯೊಂದರಲ್ಲಿ ನಾನೂ ಆ ತೊಟ್ಟಿಗೆ ಇಳಿದವನು. ‘ದೊತ್ಸೋ’ ಎನ್ನುತ್ತಾರೆ, ಬಿಸಿಕಲ್ಲಿನ ಸ್ನಾನ. ಹಿತ್ತಲ ಕೊಟ್ಟಿಗೆಯಲ್ಲಿ ಮರದ ಹಲಗೆಯ ತೊಟ್ಟಿ, ಅರ್ಧ ನೆಲದೊಳಗೆ. ಅದರ ಒಂದು ತುದಿ ಗೋಡೆಯಾಚೆ ಚಾಚಿಕೊಂಡಿರುತ್ತದೆ, ನಡುವೆ ತೂತು ಕೊರೆದ ಅಡ್ಡಹಲಗೆ. ಹೊರಗೆ ಮಧ್ಯಾಹ್ನದಿಂದಲೇ ಸೌದೆ ಒಟ್ಟಿ ಹೊಳೆಕಲ್ಲು ಕಾಯಿಸಿರುತ್ತಾರೆ. ಕತ್ತಲಾದ ಮೇಲೆ ಮನೆಯ ಯಜಮಾನ ಉದ್ದನೆಯ ಇಕ್ಕಳದಲ್ಲಿ ಕೆಂಡದ ಹಾಗೆ ಹೊಳೆಯುವ ಕಲ್ಲೊಂದನ್ನು ಎತ್ತಿ ಆ ತುದಿಗೆ ಬಿಡುತ್ತಾನೆ. ಚೊಂಯ್ ಎಂದು ನೀರು ಕಿರುಚಿ, ಒಳಗೊಳಗೇ ಕಲ್ಲು ಒಡೆಯುವ ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಬಿಸಿ ತೆವಳಿಕೊಂಡು ನಿಮ್ಮ ಪಾದ ಮುಟ್ಟುತ್ತದೆ. ನೀರಲ್ಲಿ ತೇಲುತ್ತಿದ್ದ ಸೊಪ್ಪಿನ ವಾಸನೆ ಎಲ್ಲೋ ಕಂಡದ್ದು ಅನಿಸಿತು, ಹೊಳೆಯಲಿಲ್ಲ. ಒಂದು ಎಲೆ ಹಿಸುಕಿ ಮೂಸಿದೆ: ಮಾಚಿಪತ್ರೆ! ನಿಮ್ಮೂರಿನ ದೇವರಾಜ ಮಾರುಕಟ್ಟೆಯಲ್ಲಿ ಕನಕಾಂಬರದ ಜೊತೆ ಸೇರಿಸಿ ಕಟ್ಟುತ್ತಾರಲ್ಲ, ಅದರದೇ ದಾಯಾದಿ. ಹೊರಗಿನಿಂದ ಯಜಮಾನ ಇನ್ನೊಂದು ಕಲ್ಲು ಬೇಕಾ ಎಂದು ಕೂಗಿದ. ಸಾಕು ಮಾರಾಯಾ ಎಂದು ಕನ್ನಡದಲ್ಲೇ ಕೂಗಿದೆ, ಅವನಿಗೆ ಅರ್ಥವಾಯಿತು. ಅಜ್ಜಿ ಹಂಡೆಯ ನೀರಿಗೆ ಇಳಿಸುತ್ತಿದ್ದ ದೀಪಾವಳಿ ಬೆಳಗನ್ನು ಬಿಟ್ಟರೆ ನನ್ನ ಮೈ ಅಂಥ ಸುಖ ಕಂಡಿಲ್ಲ. ಲಾಡ್ಜುಗಳಲ್ಲಿ ಇದೇ ತೊಟ್ಟಿ, ಇದೇ ಕಲ್ಲು, ಇದೇ ಸೊಪ್ಪು. ಟವೆಲು ಮಾತ್ರ ದಪ್ಪ.

ಅದೇ ಮನೆಯಲ್ಲಿ ಊಟವಾದ ಮೇಲೆ ತಟ್ಟೆಯಲ್ಲಿ ‘ದೋಮಾ’ ಬಂತು. ಎಲೆ, ಸುಣ್ಣ, ಹಸಿ ಅಡಿಕೆ. ತೀರ್ಥಹಳ್ಳಿ ಕಡೆಯವನೆಂಬ ಜಂಬದಲ್ಲಿ ಬಾಯಿಗೆ ಹಾಕಿದೆ. ಕಿವಿ ಬಿಸಿಯಾಗಿ ಬೆವರು ಒಡೆಯಿತು. ಅವರು ಬೇಯಿಸುವುದಿಲ್ಲ, ಒಣಗಿಸುವುದಿಲ್ಲ. ಮನೆಯವರೆಲ್ಲ ನಕ್ಕರು. ನಮ್ಮ ಮಲೆನಾಡಿನ ಓದುಗರಿಗೆ ಭೂತಾನಿನ ಅಡಿಕೆ ಎಂದರೆ ನಗು ಬರುವುದಿಲ್ಲ, ಗೊತ್ತು. 2022ರಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಒಪ್ಪಿದಾಗ ಶಿವಮೊಗ್ಗದಲ್ಲಿ ಎದ್ದ ಗಲಾಟೆ ಇನ್ನೂ ತಣ್ಣಗಾಗಿಲ್ಲ. ಅದು ಬೇರೆಯೇ ಲೇಖನ.

ಗುಡಿಗೋಪುರದ ವಿಷಯದಲ್ಲಿ ನಿಮ್ಮ ಆಕ್ಷೇಪ ಪೂರ್ತಿ ಸರಿ. ಒಂದೇ ಉದಾಹರಣೆ ಕೊಡುತ್ತೇನೆ. ಥಿಂಫುವಿನಿಂದ ಪುನಾಖಾಕ್ಕೆ ಹೋಗುವಾಗ 3,100 ಮೀಟರ್ ಎತ್ತರದಲ್ಲಿ ದೋಚುಲಾ ಎಂಬ ಕಣಿವೆಬಾಗಿಲು ಸಿಗುತ್ತದೆ. 108 ಚೋರ್ಟೆನ್‌ಗಳು, ಹಿಂದೆ ಹಿಮಾಲಯದ ಸಾಲು. ನಮ್ಮ ಲೇಖನ ಅದನ್ನು ‘ಕ್ಯಾಮೆರಾಗೆ ಹಬ್ಬ’ ಎಂದು ಮುಗಿಸಿತು. ಅವು ಕಲ್ಲಾಗಿ ನಿಂತದ್ದು 2003ರ ಡಿಸೆಂಬರಿನ ಸಾವುಗಳ ನೆನಪಿಗೆ. ತಮ್ಮ ಕಾಡಿನಲ್ಲಿ ಬೀಡುಬಿಟ್ಟಿದ್ದ ಅಸ್ಸಾಮಿನ ಉಗ್ರರನ್ನು ಹೊರಗಟ್ಟಲು ಆ ಪುಟ್ಟ ಸೈನ್ಯ ಯುದ್ಧಕ್ಕಿಳಿಯಿತು, ದೊರೆಯೇ ಮುಂದೆ ನಿಂತ. ಅದರಲ್ಲಿ ಸತ್ತವರಿಗಾಗಿ ರಾಣಿ ದೋರ್ಜಿ ವಾಂಗ್ಮೊ ಕಟ್ಟಿಸಿದ್ದು ಇದು. ನಮ್ಮ ದೇಶದ ಜಗಳ ಅವರ ಬೆಟ್ಟದ ಮೇಲೆ ಗುಡಿಯಾಗಿ ನಿಂತಿದೆ, ನಾವು ಅದರ ಮುಂದೆ ಸೆಲ್ಫಿ ಹೊಡೆದು ಕಾಫಿ ಕುಡಿದು ಇಳಿಯುತ್ತೇವೆ. ನಾನೂ ಕುಡಿದೆ. ಕಾಫಿ ಚೆನ್ನಾಗಿರಲಿಲ್ಲ.

ಗಾಂಗ್‌ಟೆಯ ಹಕ್ಕಿಗಳನ್ನು ‘ಕೊಕ್ಕರೆ’ ಎಂದು ಅಚ್ಚುಹಾಕಿದ್ದೂ ತಪ್ಪು. ಕೊಕ್ಕರೆ ಬೆಳ್ಳೂರಿನ ಸಂಸಾರವೇ ಬೇರೆ. ಇವು ಕಪ್ಪುಕೊರಳಿನ ಕ್ರೌಂಚಗಳು, ಅವರ ಬಾಯಲ್ಲಿ ‘ಥ್ರುಂಗ್ ಥ್ರುಂಗ್ ಕರ್ಮೊ’. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಟಿಬೆಟ್ಟಿನ ಪ್ರಸ್ಥಭೂಮಿಯಿಂದ ಗಾಂಗ್‌ಟೆ ಇರುವ ಫೋಬ್‌ಜಿಖಾ ಕಣಿವೆಯ ಜೌಗಿಗೆ ಇಳಿಯುತ್ತವೆ, ಚಳಿ ಕಳೆದು ಮರಳುತ್ತವೆ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಗಾಂಗ್‌ಟೆ ಮಠಕ್ಕೆ ಮೂರು ಸುತ್ತು ಹಾಕುತ್ತವೆ ಎಂಬುದು ಅಲ್ಲಿನವರ ಮಾತು. ಅಂದರೆ ಹಕ್ಕಿಗಳದೂ ಕೋರಾ. ನಾನು ಹೋದದ್ದು ಡಿಸೆಂಬರಿನಲ್ಲಿ, ಸುತ್ತು ನೋಡುವ ಯೋಗವಿರಲಿಲ್ಲ. ನೋಡಿದ್ದು ಇನ್ನೊಂದು: ಆಲೂಗಡ್ಡೆ ಬೆಳೆಯುವ ಆ ಕಣಿವೆಯ ಬಯಲಿನಲ್ಲಿ ಕರೆಂಟು ಕಂಬ ಇಲ್ಲ. ಹಾರುವ ಹಕ್ಕಿಗೆ ತಂತಿ ತಗುಲಬಾರದೆಂದು ನೆಲದಡಿಯಲ್ಲಿ ಎಳೆದಿದ್ದಾರೆ. ಸಂಜೆ ಕ್ರೌಂಚಗಳು ಗುಂಪು ಗುಂಪಾಗಿ ಜೌಗಿಗೆ ವಾಪಸಾಗುವಾಗ ಒಂದು ಕೂಗು ಹಾಕುತ್ತವೆ, ತುಕ್ಕು ಹಿಡಿದ ಬಾವಿಯ ರಾಟೆ ತಿರುಗಿದ ಹಾಗೆ. ಅದನ್ನು ಕೇಳಲು ಲಾಡ್ಜಿನ ಗಾಜಿನ ಗೋಡೆ ಬೇಕಿಲ್ಲ, ಬದುವಿನ ಮೇಲೆ ಕೂತರಾಯಿತು. ಸ್ವೆಟರ್ ಎರಡು ಬೇಕು.

‘ಸಂತೋಷದ ನಾಡು’ ಎಂಬ ತಲೆಬರಹವನ್ನು ನೀವು ಕೆಣಕಿಲ್ಲ, ಆದರೆ ನನಗೇ ಮುಜುಗರವಿದೆ. ದೇಶದ ಏಳಿಗೆಯನ್ನು ದುಡ್ಡಿನ ಬದಲು ಸಂತೋಷದಿಂದ ಅಳೆಯುವ ‘ಒಟ್ಟು ರಾಷ್ಟ್ರೀಯ ಸಂತೋಷ’ ಎಂಬ ಅವರ ದೊರೆಯ ಮಾತು ಬ್ರೋಷರ್‌ಗಳಲ್ಲಿ ಸವೆದು ಬಿಲ್ಲೆಯಾಗಿದೆ. 1990ರ ಸುಮಾರಿಗೆ ದಕ್ಷಿಣದ ನೇಪಾಳಿ ಮಾತಾಡುವ ಲೋತ್ಸಾಂಪರು ಮನೆಮಠ ಬಿಟ್ಟು ನೇಪಾಳದ ಶಿಬಿರ ಸೇರಿದ್ದು, ಅವರಲ್ಲಿ ಲಕ್ಷಕ್ಕೂ ಹೆಚ್ಚು ಮಂದಿ ಕೊನೆಗೆ ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆ ಕಂಡದ್ದು ಆ ಸಂತೋಷದ ಲೆಕ್ಕದಲ್ಲಿ ಬರುವುದಿಲ್ಲ. ತಲೆಬರಹ ಇಟ್ಟವನೂ ನಾನೇ.

ನಿಮ್ಮ ದಾರಿ ಹೇಳುತ್ತೇನೆ. ರೈಲಿನಲ್ಲಿ ಬಂಗಾಳದ ಹಾಸಿಮಾರಾ ತನಕ ಹೋಗಿ, ಅಲ್ಲಿಂದ ಜೈಗಾಂವ್ ಅರ್ಧ ಗಂಟೆಯ ಮಾತು. ಗಡಿಯ ಗೇಟಿನ ಆ ಕಡೆ ಫುಂಟ್‌ಶೋಲಿಂಗ್. ಈ ಕಡೆ ಹಾರ್ನು, ಆ ಕಡೆ ಮೌನ. ನಡುವೆ ಒಂದು ಗೋಡೆ ಅಷ್ಟೇ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಮರೆಯಬೇಡಿ. ಐದು ಕಣಿವೆಯ ಆಸೆ ಬಿಡಿ. ಪಾರೋ, ಪುನಾಖಾ, ಫೋಬ್‌ಜಿಖಾ ಸಾಕು, ಒಂದೊಂದರಲ್ಲಿ ಮೂರು ರಾತ್ರಿ. ರೈತರ ಮನೆಗಳಲ್ಲಿ ಉಳಿಯಿರಿ. ಕೆಂಪಕ್ಕಿ ಅನ್ನ ನಿಮಗೆ ಒಗ್ಗುತ್ತದೆ. ‘ಎಮಾ ದತ್ಶಿ’ ಎಂದು ಒಂದು ಪಲ್ಯ ಬರುತ್ತದೆ, ಮೆಣಸಿನಕಾಯಿ ಅದರಲ್ಲಿ ಒಗ್ಗರಣೆಗಲ್ಲ, ತರಕಾರಿಯೇ ಅದು. ಚೀಸಿನ ರಸ ಮಾತ್ರ ಬಡಿಸಿಕೊಳ್ಳಿ.

ಕೊನೆಗೆ ಹುಲಿಗೂಡು, ಅಂದರೆ ಪಾರೋ ತಕ್ತ್ಸಾಂಗ್. ಬೈಲಕುಪ್ಪೆಯ ಚಿನ್ನದ ಗುಡಿಯಲ್ಲಿ ಬುದ್ಧನ ಪಕ್ಕ ಕೂತಿರುವ ಪದ್ಮಸಂಭವರನ್ನು ನೀವು ನೋಡಿಯೇ ಇರುತ್ತೀರಿ. ಅವರೇ ಎಂಟನೆಯ ಶತಮಾನದಲ್ಲಿ ಹೆಣ್ಣುಹುಲಿಯ ಬೆನ್ನೇರಿ ಈ ಬಂಡೆಯ ಗವಿಗೆ ಬಂದರೆಂದು ಕತೆ. ಮಠ ಕಟ್ಟಿದ್ದು 1692ರಲ್ಲಿ, 1998ರಲ್ಲಿ ಬೆಂಕಿಗೆ ಹೋಯಿತು, ಮೊದಲಿನ ಹಾಗೇ ಮತ್ತೆ ಕಟ್ಟಿದ್ದಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಎರಡು ಕಡೆ ಕೂತು ಹತ್ತುವ ಶಕ್ತಿ ಇದ್ದರೆ ಇದನ್ನೂ ಹತ್ತುತ್ತೀರಿ, ಆದರೆ ಏರು ಅದಕ್ಕಿಂತ ಜಾಸ್ತಿ, ಸುಮಾರು ಐನೂರು ಮೀಟರ್, ಗಾಳಿಯೂ ತೆಳು. ಮೊದಲ ದಿನವೇ ಹೋಗಬೇಡಿ, ಪಾರೋದ ಮೂರನೆಯ ಬೆಳಗ್ಗೆ ಹೊರಡಿ. ಅರ್ಧ ದಾರಿಗೆ ಕುದುರೆ ಸಿಗುತ್ತದೆ, ಅಲ್ಲಿ ಚಹಾದಂಗಡಿಯೂ ಇದೆ. ಮಠ ಎದುರಿಗೇ ಕಾಣುವುದರಿಂದ ಎಷ್ಟೋ ಜನ ಅಲ್ಲಿಂದಲೇ ಕೈಮುಗಿದು ತಿರುಗುತ್ತಾರೆ. ಮುಂದೆ ಹೋಗುವುದಾದರೆ ನೂರಾರು ಮೆಟ್ಟಿಲು ಇಳಿದು ಜಲಪಾತದ ಬುಡ ದಾಟಿ ಮತ್ತೆ ಹತ್ತಬೇಕು. ಬಾಗಿಲಲ್ಲಿ ಫೋನು, ಕ್ಯಾಮೆರಾ ಇಸಿದುಕೊಳ್ಳುತ್ತಾರೆ. ಇಳಿಯುವಾಗ ಕುದುರೆಯ ಮೇಲೆ ಕೂರಿಸುವುದಿಲ್ಲ, ಇಳಿಜಾರಿನಲ್ಲಿ ಪ್ರಾಣಿ ಮುಗ್ಗರಿಸುತ್ತದೆಂದು. ಕೋಲು ಕೆಳಗೇ ಬಾಡಿಗೆಗೆ ಸಿಗುತ್ತದೆ. ಮಂಡಿಪಟ್ಟಿ ಮೈಸೂರಿನಿಂದಲೇ ಒಯ್ಯಿರಿ.